ಕಾಂಡ್ಯಾನಿಗೆ ತನ್ನ ಹೆಸರು ಗೊತ್ತಿರಲಿಲ್ಲ

ನನಗೊಂದು ಕೆಟ್ಟ ಚಾಳಿಯಿದೆ. ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ, ಕೈ ಎತ್ತುತ್ತೇನೆ. ಅಂಗೈ ಕೆಳಮುಖ ಮಾಡಿ ನಾಲ್ಕು ಬೆರಳನ್ನು ಎರಡು ಸಲ ಮಡಚಿದರೆ ‘ಬಾ’ ಅಂತ ಅರ್ಥ. ಬರಬೇಕಾದವರು ನನ್ನ ಕಡೆ ನೋಡಿದರೆ ಸರಿ, ನೋಡದಿದ್ದರೆ ಕೈ ಎತ್ತಿಕೊಂಡು ನಿಂತೇ ಇರುತ್ತೇನೆ. ಹೋದ ವಾರ ಕೊಲ್ಹಾಪುರದ ಕಾಯಿಪಲ್ಲೆ ಪೇಟೆಯಲ್ಲಿ ಯಜಮಾನರು ಗದ್ದಲದಲ್ಲಿ ತಪ್ಪಿಸಿಕೊಂಡರು. ಕಂಕುಳಲ್ಲಿ ಮೆಂತ್ಯದ ಸೂಡು, ಇನ್ನೊಂದು ಕೈ ಮೇಲೆ, ನಾನು ನಡುದಾರಿಯಲ್ಲಿ ನಿಂತುಬಿಟ್ಟೆ. ಬದನೆಕಾಯಿ ಮಾರುವಾಕೆ ಎಷ್ಟು ಹೊತ್ತು ತಡೆದಾಳು ಪಾಪ, “ಮಾವಶಿ, ತೋಂಡ ನ್ಹಾಯ್ ವ್ಹಯ?” ಎಂದು ಕೇಳಿಯೇಬಿಟ್ಟಳು. ಬಾಯಿಲ್ಲವೇನು ನಿನಗೆ ಅಂತ. ನನಗೆ ಬಾಯಿಲ್ಲವೆಂದು ಇದುವರೆಗೆ ಯಾರೂ ದೂರಿದ್ದಿಲ್ಲ. ಬೇಕಾದರೆ ನಮ್ಮ ಓಣಿಯವರನ್ನು ಕೇಳಿ.

ಹಣೆಬರಹ ನೋಡಿ, ಯಜಮಾನರೂ ಶಿರೋಳಿಯ ಫೌಂಡ್ರಿಯಲ್ಲಿ ದುಡಿದವರು. ಅವರ ಅರ್ಧ ಕಿವಿ ಅಲ್ಲೇ ಉಳಿದಿದೆ. ಕೂಗಿದರೂ ಕೇಳದವರಿಗೆ ಕೈ ಎತ್ತುವುದೇ ಲೇಸು. ಆದರೆ ಈ ಚಾಳಿ ನನಗೆ ಮದುವೆಯಾದ ಮೇಲೆ ಹತ್ತಿದ್ದಲ್ಲ. ಕಲಿಸಿದವನು ನಮ್ಮಪ್ಪ. ಅಪ್ಪನ ಹತ್ತಿರ ಇದನ್ನು ನನಗಿಂತ ಚೆನ್ನಾಗಿ ಕಲಿತವನು ಕಾಂಡ್ಯಾ, ನಮ್ಮ ನಾಯಿ.

ಎಪ್ಪತ್ತರ ದಶಕದ ಇಚಲಕರಂಜಿಯಲ್ಲಿ ಅಪ್ಪ ಒಬ್ಬ ಶೇಟರ ಶೆಡ್ಡಿನಲ್ಲಿ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಮಗ್ಗದ ಶೆಡ್ಡು ಅಂದರೆ ಏನೆಂದು ಒಳಗೆ ಹೋಗಿ ಬಂದವರಿಗೇ ಗೊತ್ತು. ಹತ್ತಾರು ಮಗ್ಗ ಒಮ್ಮೆಲೇ ಖಟಾಖಟ್ ಅನ್ನುತ್ತಿದ್ದರೆ ಎದೆಗೂಡೇ ಅಲ್ಲಾಡುತ್ತದೆ. ಅಲ್ಲಿ ಮಾತಾಡಿ ಪ್ರಯೋಜನವಿಲ್ಲ. ಹಾಗಾಗಿ ಅಲ್ಲಿಯವರದೇ ಒಂದು ಭಾಷೆ ಇತ್ತು. ದನಿ ತೆಗೆಯದೆ ತುಟಿಯನ್ನಷ್ಟೇ ಆಡಿಸುವುದು, ಉಳಿದದ್ದನ್ನು ಕೈಗೆ ಬಿಡುವುದು. ಹೆಬ್ಬೆರಳನ್ನು ತುಟಿಗೆ ತಂದರೆ ಚಹಾ. ಅಂಗೈಯನ್ನು ನೆಲದ ಕಡೆ ಒತ್ತಿದರೆ ತಡಿ, ಇದ್ದಲ್ಲೇ ಇರು. ಮುಷ್ಟಿ ಕಟ್ಟಿ ಎದೆಯ ಕಡೆ ಎಳೆದರೆ ಮಗ್ಗದ ಹಿಡಿಕೆ ಎಳೆದಂತೆ: ಏಳು, ಚಾಲೂ ಮಾಡು. ನಮ್ಮ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶೆಡ್ಡಿನಲ್ಲಿ ಕೈ. ಅಪ್ಪನ ಕಿವಿ ನಾನು ಶಾಲೆಗೆ ಸೇರುವ ಮೊದಲೇ ಹೋಗಿತ್ತು. ಮನೆಗೆ ಬಂದರೂ ಅವನು ಕೈಯಲ್ಲೇ ಮಾತಾಡುತ್ತಿದ್ದ. ಬಾಯಿ ತೆರೆದರೆ ತನ್ನ ದನಿ ತನಗೇ ಕೇಳದೆ ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದ.

“ಉಪ್ಪ ಭಾಳ ಆಗೇತಿ!” ಎಂದು ಅಪ್ಪ ಉಣ್ಣುತ್ತ ಅಂದರೆ ಓಣಿಗೆಲ್ಲ ನಮ್ಮ ಸಾರಿನ ಸುದ್ದಿ. ಅವ್ವ ತಲೆ ತಲೆ ಬಡಿದುಕೊಳ್ಳುತ್ತಿದ್ದಳು.

ಕಾಂಡ್ಯಾ ಎಲ್ಲಿಂದ ಬಂದನೋ ಗೊತ್ತಿಲ್ಲ. ಒಂದು ದಿನ ಶೆಡ್ಡಿನ ಮೂಲೆಯಲ್ಲಿ ಅಂಗೈ ಮೇಲೆ ನಿಲ್ಲುವಷ್ಟು ಮರಿ, ಬಾಯಲ್ಲಿ ಒಂದು ಕಾಂಡಿ ಕಚ್ಚಿಕೊಂಡು ಕೂತಿತ್ತಂತೆ. ಕಾಂಡಿ ಅಂದರೆ ನೂಲು ಸುತ್ತಿದ ಪುಟ್ಟ ಕೊಳವೆ, ಲಾಳಿಯ ಹೊಟ್ಟೆಯಲ್ಲಿ ಕೂರುವಂಥದು. ಅದಕ್ಕೇ ಕಾಂಡ್ಯಾ ಅಂತ ಹೆಸರಿಟ್ಟೆವು. ಇಟ್ಟು ಸುಮ್ಮನಾದೆವು. ಶೆಡ್ಡಿನಲ್ಲಿ ಅವನನ್ನು ಹೆಸರಿನಿಂದ ಕರೆದರೆ ಯಾರಿಗೆ ಕೇಳಬೇಕು? ಮನೆಯಲ್ಲಿ ಕರೆಯುವ ಕೆಲಸವೇ ಬೀಳಲಿಲ್ಲ, ಅಪ್ಪನ ಕಾಲ ಹತ್ತಿರವೇ ಇರುತ್ತಿದ್ದ. ಕಂದು ಮೈ, ಬಿಳಿ ಎದೆ, ಒಂದು ಕಿವಿ ನಿಮಿರಿದ್ದು ಇನ್ನೊಂದು ಬಿದ್ದದ್ದು. ಬಿದ್ದ ಕಿವಿ ಮಗ್ಗದ ಸಪ್ಪಳಕ್ಕೆ ಸತ್ತದ್ದು ಎಂದು ಅವ್ವ ಹೇಳುತ್ತಿದ್ದಳು. ನಾನು ಎಷ್ಟೋ ವರ್ಷ ಅದನ್ನು ನಂಬಿದ್ದೆ. ನಗಬೇಡಿ, ಮಕ್ಕಳಾಗಿದ್ದಾಗ ನೀವೇನು ಕಡಿಮೆ ನಂಬಿದ್ದಿರಾ?

ವಿಚಿತ್ರದ ನಾಯಿ ಅದು. ಸಪ್ಪಳವಿದ್ದರೆ ಮಾತ್ರ ನಿದ್ದೆ. ಮಗ್ಗಗಳು ಗರ್ಜಿಸುತ್ತಿದ್ದರೆ ಅಪ್ಪನ ಮಗ್ಗದ ಕೆಳಗೆ ಮೈ ಚೆಲ್ಲಿ, ಎಣ್ಣೆ ತೊಟ್ಟಿಕ್ಕುತ್ತಿದ್ದರೂ ಲೆಕ್ಕಿಸದೆ ಗೊರಕೆ ಹೊಡೆಯುತ್ತಿದ್ದ. ಕರೆಂಟು ಹೋಯಿತೋ, ಠಕ್ಕನೆ ಎದ್ದು ನಿಂತು ಊಳಿಡುತ್ತಿದ್ದ. ವಾರದ ರಜೆಯ ದಿನ ಶೆಡ್ಡು ಮುಚ್ಚಿರುತ್ತಿತ್ತಲ್ಲ, ಅಂದು ಮನೆಯಲ್ಲಿ ಅವನ ಗೋಳು ನೋಡಬೇಕು. ಅಂಗಳದಿಂದ ಬಚ್ಚಲಿಗೆ, ಬಚ್ಚಲಿಂದ ಅಂಗಳಕ್ಕೆ. ಕೊನೆಗೆ ಅವ್ವ ಒನಕೆ ತೆಗೆದುಕೊಂಡು ಒರಳಿನಲ್ಲಿ ಸುಮ್ಮಸುಮ್ಮನೆ ಕುಟ್ಟುತ್ತಿದ್ದಳು. ಆಗ ಅವನು ಮಲಗುತ್ತಿದ್ದ. ಖಾಲಿ ಒರಳು ಕುಟ್ಟುವ ಹೆಂಗಸನ್ನು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅವಳು ಮೇಲುಮೇಲೆ ಬೈಯುತ್ತಿದ್ದಳು ಅಷ್ಟೇ, ಅವನೆಂದರೆ ಅವಳಿಗೆ ಜೀವ.

ಚಹಾ ಕುಡಿಯುತ್ತಿದ್ದ, ಅದೂ ಅಪ್ಪನ ಕಪ್ಪಿನ ಬಸಿಯಲ್ಲೇ ಆಗಬೇಕು. ಬೊಗಳುವುದು ಕಡಿಮೆ. ಬೊಗಳಿದರೆ ಅಪ್ಪನಿಗೆ ಕೇಳುವುದಿಲ್ಲ ಎಂದು ಅವನಿಗೆ ಯಾವಾಗಲೋ ತಿಳಿದುಹೋಗಿತ್ತು. ಏನಾದರೂ ಹೇಳಬೇಕಿದ್ದರೆ ಅಪ್ಪನ ಪಾಯಜಾಮದ ತುದಿ ಹಿಡಿದು ಜಗ್ಗುತ್ತಿದ್ದ. ಬಾಗಿಲಿಗೆ ಯಾರೋ ಬಂದರು, ಜಗ್ಗು. ಹಿಂದಿನಿಂದ ಟೆಂಪೋ ಬಂತು, ಜಗ್ಗು. ಅಪ್ಪನ ಎಲ್ಲ ಪಾಯಜಾಮಗಳ ಎಡಗಾಲು ಹರಿದಿರುತ್ತಿತ್ತು, ಅವ್ವ ಹೊಲಿಯುತ್ತಿದ್ದಳು. ಅಪ್ಪ ಅಂಗೈ ಒತ್ತಿದರೆ ಕೂರುತ್ತಿದ್ದ, ಮುಷ್ಟಿ ಎಳೆಯುವವರೆಗೂ ಏಳುತ್ತಿರಲಿಲ್ಲ. ಎದುರಿಗೆ ಬೆಕ್ಕು ಹಾದುಹೋದರೂ ಇಲ್ಲ. ಶೇಟರು ಅವನನ್ನು ಶೆಡ್ಡಿನಲ್ಲಿ ಇರಗೊಟ್ಟಿದ್ದಕ್ಕೆ ಕಾರಣ ಬೇರೆ. ನೂಲಿಗೆ ಗಂಜಿ ಹಚ್ಚಿರುತ್ತಾರೆ, ಗಂಜಿಗೆ ಇಲಿ ಬರುತ್ತವೆ, ಕಾಂಡ್ಯಾ ಇಲಿ ಹಿಡಿಯುತ್ತಿದ್ದ.

ನಾಯಿಗೆ ಅಪ್ಪಣೆ ಇತ್ತು, ಮಕ್ಕಳಿಗೆ ಇರಲಿಲ್ಲ. ಪಕ್ಕದ ಓಣಿಯ ಶೆಡ್ಡೊಂದರಲ್ಲಿ ಒಬ್ಬ ಹುಡುಗಿಯ ಜಡೆ ಮಗ್ಗದ ತಿರುಗುವ ಬೆಲ್ಟಿಗೆ ಸಿಕ್ಕಿತ್ತು. ಅಂದಿನಿಂದ ನಮ್ಮ ಶೇಟರದು ಒಂದೇ ಮಾತು: ಯಾರ ಕೂಸು ಒಳಗೆ ಕಂಡಿತೋ ಅವರ ಕೈಯ ಮಗ್ಗ ಹೋಯಿತು. ನಾನು ಮಧ್ಯಾಹ್ನ ಅಪ್ಪನಿಗೆ ಬುತ್ತಿ ತಂದರೆ ಬಾಗಿಲಲ್ಲೇ ಇಟ್ಟು ಹೋಗಬೇಕು. ಹೋಗುತ್ತಿದ್ದೆ ಎಂದು ನಿಮ್ಮೆದುರು ಬಾಯಿತುಂಬ ಹೇಳಬೇಕೆಂದು ಆಸೆ. ಏನು ಮಾಡಲಿ, ಹೋಗುತ್ತಿರಲಿಲ್ಲ. ಶೇಟರು ಊಟಕ್ಕೆ ಹೋದ ಹೊತ್ತು ನೋಡಿ ಒಳಗೆ ನುಸುಳಿ ಕಾಂಡ್ಯಾನ ಹತ್ತಿರ ಕೂತು ಬರುತ್ತಿದ್ದೆ.

ಹಾಗೆ ಹೋದ ಒಂದು ದಿನ ಅಪ್ಪ ಚಹಾಕ್ಕೆಂದು ಹೊರಗಿದ್ದ. ಕಾಂಡ್ಯಾನ ಮೈಯನ್ನು ಮನಸಾರೆ ಸವರಿದೆ. ಮೈತುಂಬ ಮಗ್ಗದ ಕರಿ ಎಣ್ಣೆ. ಎದ್ದು ಬರುವಾಗ ಬಾಗಿಲ ಬದಿಯ ಹಲಗೆಯ ಮೇಲೆ ಹೊಸ ಬಟ್ಟೆಯ ತಾಗಾಗಳನ್ನು, ಅಂದರೆ ಇಡೀ ಥಾನುಗಳನ್ನು, ಮಡಚಿ ಒಟ್ಟಿದ್ದು ಕಂಡಿತು. ಬೆಳ್ಳಗಿನ ಪಾಪ್ಲಿನ್. ಹೊಸ ಬಟ್ಟೆಯ ಆ ವಾಸನೆ ನನಗೆ ಇವತ್ತಿಗೂ ಮರುಳು. ಮುಟ್ಟಿದೆ, ಅಷ್ಟೇ. ಮೇಲಿನ ತಾಗಾದ ಮೇಲೆ ನನ್ನ ಅಂಗೈ ಅಚ್ಚೊತ್ತಿತು. ಗಾಬರಿಯಾಗಿ ನಾನುಟ್ಟ ಪರಕಾರದ, ಲಂಗದ, ಅಂಚಿನಿಂದ ಒರೆಸಿದೆ. ಒರೆಸಿದಷ್ಟೂ ಹಬ್ಬಿತು. ಬೆರಳಿನ ಗುರುತು ಹೋಗಿ ರೊಟ್ಟಿಯಗಲದ ಕರಿ ಕಲೆಯಾಯಿತು, ಅದರಲ್ಲಿ ಎರಡು ಕಂದು ಕೂದಲು ಅಂಟಿಕೊಂಡಿದ್ದವು. ಬುತ್ತಿಯನ್ನು ಬಾಗಿಲಲ್ಲಿ ಇಟ್ಟು ಓಡಿದೆ.

ಮರುದಿನ ಬೆಳಿಗ್ಗೆ ನನ್ನ ಪರಕಾರ ಹಗ್ಗದ ಮೇಲೆ ಒಣಗುತ್ತಿತ್ತು. ಅವ್ವ ಒಗೆದಿರಬೇಕು, ಕಲೆ ನೋಡಿದಳೋ ಇಲ್ಲವೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ. ಅವ್ವ ಏನೂ ಕೇಳಲಿಲ್ಲ. ಮಧ್ಯಾಹ್ನ ಬುತ್ತಿ ಹಿಡಿದು ಹೋದಾಗ ಶೇಟರು ಶೆಡ್ಡಿನ ಬಾಗಿಲ ಬೆಳಕಿನಲ್ಲಿ ಆ ತಾಗಾ ಬಿಚ್ಚಿಕೊಂಡು ನಿಂತಿದ್ದರು. ಕೂದಲನ್ನು ಚಿವುಟಿ ತೆಗೆದು ಅಪ್ಪನ ಮುಂದೆ ಹಿಡಿದರು. ಕಾಂಡ್ಯಾ ನಡುವೆ ಕೂತು ಬಾಲ ಅಲ್ಲಾಡಿಸುತ್ತಿದ್ದ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಅವನಿಗೆ ಖುಷಿ. ನಾನು ಬುತ್ತಿಯನ್ನು ಎದೆಗೆ ಅವಚಿಕೊಂಡೆ.

“ಕುತ್ರ್ಯಾಚಂ ಹಾಯ್, ಶೇಟ್,” ಎಂದ ಅಪ್ಪ, ತನ್ನ ಆ ದೊಡ್ಡ ದನಿಯಲ್ಲಿ. ನಾಯಿಯದು ಶೇಟ್ರೆ ಅಂತ. ನನ್ನ ಕಡೆ ನೋಡಲೇ ಇಲ್ಲ.

ಬರುವ ರಜೆ ಕಳೆದ ಮೇಲೆ ಆ ನಾಯಿ ಕಣ್ಣಿಗೆ ಬೀಳಬಾರದು ಎಂದು ಶೇಟರು ಹೇಳಿ ಹೋದರು.

ಮನೆಯಲ್ಲಿ ಅವ್ವನಿಗೆ ಸಿಟ್ಟೋ ಸಿಟ್ಟು. “ಇಲಿ ಹಿಡೀತೈತಿ ಅಂತ ಇಷ್ಟ ದಿವಸ ತಲೀ ಮ್ಯಾಲ ಹೊತ್ತಾರ. ಈಗ ಒಂದ ಕಲಿಗೆ ಹೊರಗ ಹಾಕಂದ್ರ ಎಲ್ಲಿಗೆ ಹಾಕೂದ್ರಿ? ಕಟ್ಟಿ ಹಾಕಿದ್ರ ಹಗ್ಗಾ ಹರಕೊಂಡ ಶೆಡ್ಡಿಗೆ ಓಡತಾನ ಅಂವ.” ಅದು ನಿಜ. ನಮ್ಮ ಒಂದು ಖೋಲಿಯ ಮನೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಆಮೇಲೆ, ಗಡಹಿಂಗ್ಲಜದ ಅಕ್ಕನ ಹತ್ತಿರ ಬಿಟ್ಟು ಬರುತ್ತೇನೆ ಎಂದ. ಅಪ್ಪನ ಅಕ್ಕ ಅಂದರೆ ನಮ್ಮ ಅತ್ತಿ. ಅವಳಿಗೆ ಹಿರಣ್ಯಕೇಶಿ ಹೊಳೆಯ ಕಡೆ ಕಬ್ಬಿನ ಹೊಲವಿತ್ತು, ಕಾಯಲು ನಾಯಿ ಬೇಕೆಂದಿದ್ದಳು.

ಈಗ ನೀವು ಕೇಳಬಹುದು, ಆಗಲಾದರೂ ಬಾಯಿ ಬಿಡಬಾರದಿತ್ತೇ ಅಂತ. ಬಿಡಬೇಕಿತ್ತು. ಎರಡು ದಿನ ಅಪ್ಪನ ಎದುರು ಹೋಗಿ ನಿಲ್ಲುತ್ತಿದ್ದೆ, ತುಟಿ ಅಲುಗುತ್ತಿರಲಿಲ್ಲ. ಹೇಳಿದರೆ ಮಗ್ಗ ಹೋಗುತ್ತದೆ, ಹೇಳದಿದ್ದರೆ ಕಾಂಡ್ಯಾ ಹೋಗುತ್ತಾನೆ. ನಾನು ಕಾಂಡ್ಯಾನನ್ನು ಬಿಟ್ಟುಕೊಟ್ಟೆ. ಮಗ್ಗಕ್ಕಾಗಿ ಹಾಗೆ ಮಾಡಿದೆ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ, ಏಟಿಗೆ ಹೆದರಿದ್ದೆ.

ರಜೆಯ ದಿನ ಅಪ್ಪ, ನಾನು, ಗೋಣಿಚೀಲದೊಳಗೆ ಕಾಂಡ್ಯಾ, ಎಸ್‌ಟಿ ಬಸ್ಸು ಹತ್ತಿದೆವು. ಅಪ್ಪನಿಗೆ ಕಂಡಕ್ಟರನ ಮಾತು ಕೇಳದಿದ್ದರಿಂದ ಎಲ್ಲಿಗೆ ಹೋಗುವುದಿದ್ದರೂ ಕಿವಿಯಾಗಿ ನಾನು ಜೊತೆಗಿರಬೇಕಿತ್ತು. ಕೊಲ್ಹಾಪುರದಲ್ಲಿ ಬಸ್ಸು ಬದಲಿಸಿದೆವು. ಎಂಜಿನ್ ಗುಡುಗುತ್ತಿರುವಷ್ಟು ಹೊತ್ತು ಕಾಂಡ್ಯಾ ಚೀಲದಲ್ಲಿ ಹಾಯಾಗಿ ಮಲಗಿದ್ದ. ಕಾಗಲದ ಸ್ಟ್ಯಾಂಡಿನಲ್ಲಿ ಡ್ರೈವರು ಎಂಜಿನ್ ಬಂದ್ ಮಾಡಿದ್ದೇ ತಡ, ಚೀಲ ಊಳಿಟ್ಟಿತು.

“ಪಾವ್ಣಂ, ಪೋತ್ಯಾತ ಕಾಯ್ ಹಾಯ್?” ಚೀಲದಲ್ಲಿ ಏನಿದೆ ಎಂದು ಕಂಡಕ್ಟರ್ ಅಪ್ಪನನ್ನು ಕೇಳಿದ. ಅಪ್ಪ ನನ್ನ ಮುಖ ನೋಡಿದ.

“ಭಾಂಡಿ,” ಎಂದೆ. ಪಾತ್ರೆಗಳು.

“ಭಾಂಡಿ ರಡತ್ಯಾತ ವ್ಹಯ?” ಪಾತ್ರೆ ಅಳುತ್ತವೇನು?

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಒಳ್ಳೆಯವನು, ಇಳಿಸಲಿಲ್ಲ. ಎಂಜಿನ್ ಚಾಲೂ ಆಯಿತು, ಚೀಲ ಸುಮ್ಮನಾಯಿತು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ಮೈ ಸಣ್ಣಗಾಗುತ್ತದೆ.

ಅತ್ತಿಯ ಮನೆ ಊರಂಚಿಗೆ, ಒಂದು ಹಕ್ಕಿ ಕೂಗಿದರೂ ಕೇಳುವಷ್ಟು ನಿಶ್ಶಬ್ದ. ಕಾಂಡ್ಯಾ ಚೀಲದಿಂದ ಹೊರಬಂದವನೇ ಕಿವಿ ನಿಮಿರಿಸಿ ಸುತ್ತ ನೋಡಿದ. ಊಟವಾಯಿತು. ಹೊರಡುವಾಗ ಅವನು ಬೆನ್ನು ಹತ್ತಿದ. ಅಪ್ಪ ಕಟ್ಟೆಯ ಹತ್ತಿರ ನಿಂತು ಅಂಗೈಯನ್ನು ನೆಲದ ಕಡೆ ಒತ್ತಿದ. ಕಾಂಡ್ಯಾ ಕೂತ. ನಾವು ತಿರುವಿನವರೆಗೂ ಹೋಗಿ ಹಿಂದಿರುಗಿ ನೋಡಿದಾಗ ಕೂತೇ ಇದ್ದ. ಅಪ್ಪ ಮತ್ತೆ ನೋಡಲಿಲ್ಲ, ಸರಸರ ನಡೆದ.

ವಾರ ಕಳೆದ ಮೇಲೆ ಅತ್ತಿ ಯಾರ ಕೈಯಲ್ಲೋ ಬರೆಸಿದ ಕಾರ್ಡು ಬಂತು. “ನಾಯಿಗೆ ಕಿವಿ ಕೇಳುವುದಿಲ್ಲೆಂದು ಕಾಣುತ್ತದೆ. ಎಷ್ಟು ಕರೆದರೂ ಬರುವುದಿಲ್ಲ.” ಕಿವಿ ಬಿದ್ದದ್ದು ಅದಕ್ಕೇ ಅಂತ ನಾನು ಆಗಲೇ ಹೇಳಿರಲಿಲ್ಲೇನು ಎಂದಳು ಅವ್ವ. ಇನ್ನೂ ಕೆಲವು ದಿನಕ್ಕೆ ಇನ್ನೊಂದು ಕಾರ್ಡು: ನಾಯಿ ಹೋಗಿದೆ, ಎಲ್ಲಿಗೆಂದು ತಿಳಿಯದು. ಅಪ್ಪ ಆ ಕಾರ್ಡನ್ನು ಓದಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ರಜೆಯ ದಿನಕ್ಕೂ ಕಾಯಲಿಲ್ಲ. ಮರುದಿನ ಬೆಳಿಗ್ಗೆ ಯಾರಿಗೋ ತನ್ನ ಮಗ್ಗ ಒಪ್ಪಿಸಿ ನನ್ನನ್ನು ಕರೆದುಕೊಂಡು ಹೊರಟ.

ಗಡಹಿಂಗ್ಲಜದಲ್ಲಿ ಅಂದು ನಾವು ಮಾಡಿದ್ದನ್ನು ನೆನೆದರೆ ನಮ್ಮ ಬುದ್ಧಿಗೆ ಏನೆನ್ನಬೇಕೋ ತಿಳಿಯದು. ಪೇಟೆ, ಬಸ್ ಸ್ಟ್ಯಾಂಡು, ಹೊಳೆಯ ದಂಡೆ, ಎಲ್ಲ ಕಡೆ ತಿರುಗಿ ಹೆಸರು ಕೂಗಿದೆವು. “ಕಾಂಡ್ಯಾ! ಕಾಂಡ್ಯಾ!” ಅಪ್ಪನ ದನಿಗೆ ಅಂಗಡಿಯವರು ಎದ್ದು ಹೊರಗೆ ಬಂದು ನೋಡುತ್ತಿದ್ದರು. ಎಲ್ಲರಂತೆ ನಾಯಿ ಹುಡುಕಬೇಕೆಂದರೆ ಕೂಗಬೇಕು ಎಂದು ನಾವೂ ತಿಳಿದಿದ್ದೆವು. ಮಧ್ಯಾಹ್ನದ ಹೊತ್ತಿಗೆ ಗಂಟಲು ಬಿದ್ದು ಅತ್ತಿಯ ಕಟ್ಟೆಗೆ ಬಂದು ಕೂತೆವು. ಅತ್ತಿ ನೀರು ತಂದಳು.

“ನಾನೇನ ಕಡಿಮಿ ಕರದೇನಿ ಅಂತಿಯೇನೋ ತಮ್ಮಾ? ಕಾಂಡ್ಯಾ ಬಾ, ಉಣ್ಣ ಬಾ ಅಂತ ಗಂಟಲ ಹರಕೊಂಡೇನಿ. ನನ್ನ ಮಾರಿ ನೋಡತಿತ್ತು, ಏಳತಿರಲಿಲ್ಲ. ನೀವು ಬಿಟ್ಟಹೋದ ಜಾಗಾ ಬಿಟ್ಟ ನಾಲ್ಕ ದಿವಸ ಕದಲಲಿಲ್ಲ ನೋಡು. ಬಿಸಲಿದ್ರೂ ಅಲ್ಲೇ. ಕೂಳ ನೀರು ಅಲ್ಲೇ ಒಯ್ದ ಇಟ್ಟೆ. ಐದನೇದ ದಿವಸ ಎತ್ತಾಗೋ ಎದ್ದ ಹೋತು.”

ಅತ್ತಿ ಸೆರಗಿನಿಂದ ಮುಖ ಒರೆಸುತ್ತ ಅತ್ತಿತ್ತ ತಿರುಗಿ ಮಾತಾಡುತ್ತಿದ್ದಳು, ಅಪ್ಪನಿಗೆ ಅವಳ ತುಟಿ ಕಾಣುತ್ತಿರಲಿಲ್ಲ. ಅವಳು ಹೇಳಿದ್ದನ್ನು ನಾನು ಕೈಯಲ್ಲಿ ಹೇಳುತ್ತ ಹೋದೆ. ‘ಬಿಟ್ಟ ಜಾಗದಲ್ಲೇ ಕೂತಿತ್ತು’ ಎನ್ನಲು ನನ್ನ ಅಂಗೈ ತಾನಾಗಿ ನೆಲದ ಕಡೆ ಒತ್ತಿತು. ಅಲ್ಲಿಗೆ ನನ್ನ ಕೈ ನಿಂತಿತು. ಅಪ್ಪ ನನ್ನ ಅಂಗೈ ನೋಡಿದ, ಆಮೇಲೆ ತನ್ನ ಅಂಗೈ ನೋಡಿಕೊಂಡ.

“ಅಂವ ನಾ ಹೇಳಿದ್ದ ಕೇಳ್ಯಾನ,” ಎಂದ ಅಪ್ಪ. “ಏಳು ಅಂತ ನಾ ಹೇಳಽಽ ಇಲ್ಲ.”

ಇರು ಎಂದು ಹೇಳಿ ಬಂದಿದ್ದೆವು. ಏಳು ಎಂದು ಹೇಳಿರಲಿಲ್ಲ. ಹೆಸರನ್ನಂತೂ ಅವನು ಜನ್ಮದಲ್ಲೇ ಕೇಳಿರಲಿಲ್ಲ. ಅತ್ತಿಯ ಬಾಯಲ್ಲಿ ಅದು ಯಾವುದೋ ಸಪ್ಪಳ ಅಷ್ಟೇ. ಆ ನಾಲ್ಕು ದಿನ ಆ ಕಟ್ಟೆಯ ಹತ್ತಿರ ಅವನು ಕಾದ ಕಾಯುವಿಕೆ ತಾಗಾದ ಮೇಲೆ ಬಿದ್ದ ನನ್ನ ಅಂಗೈಯಿಂದ ಹುಟ್ಟಿದ್ದು. ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ಎದ್ದು ಅಂಗಳದ ತುದಿಗೆ ಹೋಗಿ ನಿಂತೆ. ಆಗ ಕೇಳಿತು. ಹೊಳೆಯ ಆಚೆಯಿಂದ ದೂರದಲ್ಲಿ ಒಂದೇ ಸಮ ಟುಕು ಟುಕು ಟುಕು. ಎಂಜಿನ್ನಿನ ಸಪ್ಪಳ.

“ಅದೇನ ಅತ್ತಿ?”

“ಗುರ್ಹಾಳವಾ. ಕಬ್ಬ ಅರದ ಬೆಲ್ಲಾ ಮಾಡತಾರಲ್ಲ. ಚಾಲೂ ಆಗಿ ಹತ್ತ ಹನ್ನೆರಡ ದಿವಸ ಆತು.”

ಅಪ್ಪನ ಕೈ ಹಿಡಿದು ಎಳೆದೆ. ಅಪ್ಪನಿಗೆ ಆ ಸಪ್ಪಳ ಕೇಳುತ್ತಿರಲಿಲ್ಲ, ನನಗೆ ಕೇಳುತ್ತಿತ್ತು. ಕಾಂಡ್ಯಾನಿಗೂ ಕೇಳಿರಬೇಕು.

ಗುರ್ಹಾಳದಲ್ಲಿ ಡೀಸೆಲ್ ಎಂಜಿನ್ ಬಡಿದುಕೊಳ್ಳುತ್ತಿತ್ತು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಕಾಂಡ್ಯಾ ಇರಲಿಲ್ಲ. ಬೆಲ್ಲದ ಹದ ನೋಡುತ್ತಿದ್ದ ಮುದುಕ ಹೇಳಿದ: “ಒಂದ ನಾಯಿ ಬಂದಿತ್ರಿ. ಎಂಜಿನ್ ಬಾಜೂಕ ಮಲಗತಿತ್ತು. ಹಚಾ ಅಂದ್ರ ಹೋಗತಿರಲಿಲ್ಲ, ಬಾ ಅಂದ್ರ ಬರತಿರಲಿಲ್ಲ. ಉರಿ ಹಾಕಾಕ ಸಿದು ಅಂತ ಒಬ್ಬಾಂವ ಇದ್ದ, ಹುಟ್ಟಾ ಮೂಕ ಅಂವ, ಕಿವೀನೂ ಇಲ್ಲ. ಅವನ ಮಾತ ಅಷ್ಟ ಕೇಳತಿತ್ತು.”

“ಮಾತ?” ಎಂದೆ.

“ಮಾತಂದ್ರ, ಕೈ ಮಾಡತಾನಲ್ಲವಾ, ಅದು. ಮೊನ್ನೆ ಅಂವ ತನ್ನ ಊರಾಗಿನ ಗುರ್ಹಾಳಕ್ಕ ಹೋಗ್ಯಾನ, ಉತ್ತೂರಿಗೆ. ನಾಯೀನೂ ಅವನ ಬೆನ್ನ ಹತ್ತಿ ಹೋಗೇತಿ.”

ಆ ಮಧ್ಯಾಹ್ನವೇ ಉತ್ತೂರಿನ ಬಸ್ಸು ಹಿಡಿದೆವು. ಹೊಲದ ನಡುವಿನ ಗುರ್ಹಾಳವನ್ನು ಎಂಜಿನ್ನಿನ ಸಪ್ಪಳ ಹಿಡಿದೇ ಹುಡುಕಿದೆ. ಎಂಜಿನ್ನಿನ ಪಕ್ಕ ಕಾಂಡ್ಯಾ ಮೈ ಚೆಲ್ಲಿ ಮಲಗಿದ್ದ. ಒಲೆಯ ಬಾಯಲ್ಲಿ ಕಬ್ಬಿನ ಸಿಪ್ಪೆ ತುರುಕುತ್ತಿದ್ದ ಒಬ್ಬ ಮನುಷ್ಯ ನಮ್ಮನ್ನು ಕಂಡು ನಿಂತ. ಸೊರಗಿದ ಮೈ, ಹೊಗೆಗೆ ಕೆಂಪಾದ ಕಣ್ಣು, ಅಪ್ಪನ ವಯಸ್ಸಿನವನೇ. ಅಪ್ಪ ಕೂಗಲಿಲ್ಲ. ದೂರ ನಿಂತು ಕೈ ಎತ್ತಿ ಬೆರಳು ಮಡಚಿದ. ಮಲಗಿದ ನಾಯಿಗೆ ಹೇಗೆ ಕಾಣಬೇಕು? ಸಿದುಗೆ ಕಂಡಿತು. ಅಪ್ಪನ ಕೈ ನೋಡಿದ, ಕಾಂಡ್ಯಾನನ್ನು ನೋಡಿದ. ಆಮೇಲೆ ತಾನೇ ಬಗ್ಗಿ ಕಾಂಡ್ಯಾನ ಬೆನ್ನು ತಟ್ಟಿ ನಮ್ಮ ಕಡೆ ಬೆರಳು ಮಾಡಿದ.

ಕಾಂಡ್ಯಾ ಬಂದ ರಭಸಕ್ಕೆ ಅಪ್ಪ ಕೂತೇಬಿಟ್ಟ. ಆ ನಾಯಿ ಅತ್ತಿತು ರೀ. ನಾಯಿ ಅಳುತ್ತದೆಯೇ ಎಂದು ನನ್ನ ಹತ್ತಿರ ಯಾರೂ ವಾದಕ್ಕೆ ಬರಬೇಡಿ, ನಾನು ಕಂಡಿದ್ದೇನೆ. ಪಾಯಜಾಮದ ಎಡಗಾಲು ಹಿಡಿದು ಜಗ್ಗಿ ಜಗ್ಗಿ ಹರಿದ. ನಾನೂ ಅತ್ತೆ. ಅಳುತ್ತಲೇ ಒಳಗೊಳಗೆ ಲೆಕ್ಕ ಹಾಕಿದೆ: ನಾಯಿ ಸಿಕ್ಕಿತು, ನನ್ನ ತಪ್ಪು ತೀರಿತು, ಇನ್ನು ಯಾರಿಗೂ ಹೇಳಬೇಕಾಗಿಲ್ಲ. ಎಂಥ ಹುಡುಗಿ ನೋಡಿ ನಾನು.

ಅಪ್ಪ ಮತ್ತು ಸಿದು ಎದುರುಬದುರು ಕೂತು ಕೈಯಲ್ಲಿ ಮಾತಾಡಿದರು. ಸಿದುವಿನ ಸನ್ನೆ ಬೇರೆ, ನಮ್ಮ ಶೆಡ್ಡಿನದು ಬೇರೆ, ಆದರೂ ಇಬ್ಬರಿಗೂ ಏನೂ ತೊಡಕಾಗಲಿಲ್ಲ. ಸಿದು ತನ್ನ ಧೋತರದ ಅಂಚು ತೋರಿಸಿದ, ಹರಿದಿತ್ತು. ಹಿಂದೆ ಕೈ ಮಾಡಿ ಎತ್ತಿನ ಬಂಡಿ ಬಂದದ್ದನ್ನು, ನಾಯಿ ಧೋತರ ಹಿಡಿದು ತನ್ನನ್ನು ಬದಿಗೆ ಎಳೆದದ್ದನ್ನು ಆಡಿ ತೋರಿಸಿದ. ಮನೆಯಲ್ಲಿ ಯಾರಿದ್ದಾರೆ ಎಂದು ಅಪ್ಪ ಕೇಳಿದ್ದಕ್ಕೆ ಎರಡೂ ಕೈ ಬಿಡಿಸಿ ತೋರಿಸಿದ. ಯಾರೂ ಇಲ್ಲ. ಆಮೇಲೆ ಎದ್ದು ಹೋಗಿ ತನ್ನ ಗಂಟಿನಿಂದ ಎರಡು ಭಾಕರಿ, ಜೋಳದ ರೊಟ್ಟಿ, ತಂದು, ತನ್ನ ಹೆಗಲ ಪಂಚೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟ. ದಾರಿಯಲ್ಲಿ ಕಾಂಡ್ಯಾನಿಗೆ ಹಾಕು ಅಂತ.

ಅಪ್ಪ ಆ ಗಂಟನ್ನೂ ಸಿದುವಿನ ಖಾಲಿ ಹೆಗಲನ್ನೂ ನೋಡಿದ. ಆಮೇಲೆ ನನ್ನ ಕೈಯಿಂದ ತೆಗೆದುಕೊಂಡು ಸಿದುಗೆ ವಾಪಸು ಕೊಟ್ಟ. ಕಾಂಡ್ಯಾನ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನ ಎರಡು ಕಿವಿಯನ್ನೂ, ನಿಮಿರಿದ್ದನ್ನೂ ಬಿದ್ದದ್ದನ್ನೂ, ಸವರಿದ. ಸಿದುವಿನ ಹೆಗಲ ಮೇಲೆ ಕೈಯಿಟ್ಟು, ಇನ್ನು ಇವನ ಜೊತೆ ಎಂಬಂತೆ ಕಾಂಡ್ಯಾನಿಗೆ ತೋರಿಸಿದ. ಕಾಂಡ್ಯಾ ಒಮ್ಮೆ ಅಪ್ಪನನ್ನು, ಒಮ್ಮೆ ಸಿದುವನ್ನು ನೋಡಿದ. ಅಪ್ಪ ಈ ಸಲ ಅಂಗೈ ಒತ್ತಲಿಲ್ಲ. ಮುಷ್ಟಿ ಕಟ್ಟಿ ಎದೆಯ ಕಡೆ ಎಳೆದ. ಏಳು, ಕೆಲಸಕ್ಕೆ ನಡೆ. ಕಾಂಡ್ಯಾ ಎದ್ದು ನಿಧಾನವಾಗಿ ಸಿದುವಿನ ಹಿಂದೆ ಒಲೆಯ ಕಡೆ ಹೋದ.

“ಅವನ್ನ ಕರಕೊಂಡ ಹೋಗೂನ ಅಪ್ಪಾ!” ಎಂದು ನಾನು ಕಿರುಚಿದೆ. ಅಪ್ಪ ಆಗಲೇ ಬೆನ್ನು ತಿರುಗಿಸಿದ್ದ, ನನ್ನ ತುಟಿ ಅವನಿಗೆ ಕಾಣಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಪ್ರತಿ ವರ್ಷ ಬೆಲ್ಲದ ಹಂಗಾಮಿನಲ್ಲಿ ಅತ್ತಿಯ ಕಾರ್ಡಿನ ಕೊನೆಗೆ ಒಂದು ಸಾಲು ಇರುತ್ತಿತ್ತು: ಸಿದು ಬಂದಿದ್ದಾನೆ, ನಾಯಿ ಚೆನ್ನಾಗಿದೆ. ಕಾಂಡ್ಯಾ ಮುದುಕನಾದ, ಹಲ್ಲು ಬಿದ್ದವು, ಸಿದು ಭಾಕರಿಯನ್ನು ಕಬ್ಬಿನ ಹಾಲಿನಲ್ಲಿ ನೆನೆಸಿ ಹಾಕುತ್ತಿದ್ದನಂತೆ. ಎಂಬತ್ತರ ದಶಕದ ಮೊದಲಿಗೆ, ನನ್ನ ಮದುವೆ ಗೊತ್ತಾದ ವರ್ಷ, ಕಾರ್ಡಿನಲ್ಲಿ ಸಿದು ಒಬ್ಬನೇ ಬಂದಿದ್ದಾನೆ ಎಂದಿತ್ತು. ಅಪ್ಪ ಅಂದು ಶೆಡ್ಡಿಗೆ ಹೋಗಲಿಲ್ಲ. ಅವ್ವ ಒರಳಿನ ಮುಂದೆ ಕೂತಳು, ಒನಕೆ ಮುಟ್ಟಲಿಲ್ಲ.

ಉತ್ತೂರಿನಿಂದ ಬಂದ ಆ ಸಂಜೆಗೆ ಹಿಂದಿರುಗುತ್ತೇನೆ. ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ನಾನು, ಅಪ್ಪ. ಸಂತೆ ಮುಗಿಸಿದ ಜನ, ಕೋಳಿಯ ಬುಟ್ಟಿ, ಮಕ್ಕಳ ಅಳು, ಕಿವಿ ಗಡಚಿಕ್ಕುವ ಗದ್ದಲ. ನನಗೆ ತಡೆಯಲಾಗಲಿಲ್ಲ. ಅಪ್ಪನ ಗದ್ದ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. ಶೆಡ್ಡಿನಲ್ಲಿ ಮಾತಾಡುವಂತೆ, ದನಿ ತೆಗೆಯದೆ, ತುಟಿಯಲ್ಲಷ್ಟೇ ಹೇಳಿದೆ.

“ತಾಗಾಕ್ಕ ಆ ಕಲಿ ಮಾಡಿದಾಕಿ ನಾನು.”

ಅಪ್ಪ ನನ್ನ ತುಟಿ ಓದಿದ. ಅವನೂ ದನಿ ತೆಗೆಯಲಿಲ್ಲ. “ಗೊತ್ತೈತಿ. ನಿನ್ನ ಪರಕಾರ ಒಗದಾಂವ ನಾನಽ. ನಿಮ್ಮವ್ವ ಏಳೂಕಿಂತ ಮೊದಲ ಒಗದ ಹಾಕಿದ್ದೆ.”

“ಮತ್ತ ಶೇಟಗ ಕಾಂಡ್ಯಾಂದು ಅಂತ ಯಾಕ ಹೇಳಿದಿ?”

“ನಿಂದು ಅಂತ ಹೇಳಲಾ? ಒಳಗ ಬಂದಿದ್ದಿ ಅಂತ ಗೊತ್ತಾದ್ರ ಮಗ್ಗಾ ಹೋಗತಿತ್ತು. ಊರ ಬಿಡಬೇಕಾಗತಿತ್ತು. ನಿನ್ನ ಸಾಲಿ ಬಿಡಸಬೇಕಾಗತಿತ್ತು.” ಅಪ್ಪ ಹರಿದ ಪಾಯಜಾಮದ ಅಂಚು ಸರಿಮಾಡಿಕೊಂಡ. “ಅವಗ ಬಾಯಿಲ್ಲ, ಅವನ ಮ್ಯಾಲ ಹಾಕಿದೆ. ನೀ ಒಬ್ಬಾಕೀನ ಅಲ್ಲವಾ. ಇಬ್ಬರೂ ಕೂಡಿ ಹಾಕೀವಿ.”

ಅಷ್ಟು ಜನರ ನಡುವೆ ನಾವಾಡಿದ ಈ ಮಾತು ಯಾರ ಕಿವಿಗೂ ಬೀಳಲಿಲ್ಲ. ನಾನು ಅಪ್ಪನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವನ ಪಾಯಜಾಮದ ಹರಿದ ಎಡಗಾಲು ನನ್ನ ಕೈಗೆ ಸಿಕ್ಕಿತು, ಅದನ್ನೇ ಹಿಡಿದುಕೊಂಡೆ. ಕೊಲ್ಹಾಪುರದ ಬಸ್ಸು ಬಂತು. ಜನ ನುಗ್ಗಿದರು, ಅಪ್ಪ ಎದ್ದು ಅವರ ನಡುವೆ ದಾರಿ ಮಾಡಿಕೊಂಡು ಹೋದ. ನನಗೆ ಏಳಬೇಕೆನ್ನಿಸಲಿಲ್ಲ, ಅಲ್ಲೇ ಕೂತಿದ್ದೆ, ಬೇಕಾದರೆ ನಾಲ್ಕು ದಿನ ಕೂರುತ್ತಿದ್ದೆ. ಬಸ್ಸಿನ ಮೆಟ್ಟಿಲ ಹತ್ತಿರ ನಿಂತ ಅಪ್ಪ ಹಿಂದಿರುಗಿ ನನ್ನನ್ನು ನೋಡಿದ. ಕೂಗಲಿಲ್ಲ. ಮುಷ್ಟಿ ಕಟ್ಟಿ, ನಿಧಾನವಾಗಿ, ಎದೆಯ ಕಡೆ ಎಳೆದ.

ನಾನು ಎದ್ದೆ.